ಕಿತ್ತೂರ ವಾಡೇದ ಅಡಗಿಮನಿ

ದಸರಾ ಸೂಟ್ಯಾಗ ಮೊಮ್ಮಗಳು ಬಂದಿದ್ಲು. ಮನ್ಯಾಗ ಕುಂತ್ರ ಮೊಬೈಲ್ ಕೈಬಿಡಂಗಿಲ್ಲ ಅಂತ, ಒಂದಿನ ಕಟಕ ರೊಟ್ಟಿ, ಶೇಂಗಾ ಹಿಂಡಿ, ಡಬ್ಬಿ ತುಂಬ ಮೊಸರನ್ನ ಕಟಗೊಂಡು ಕಿತ್ತೂರಿಗೆ ಹೋಗಿ ಬಂದ್ವಿ. ನಾನು, ಸೊಸಿ, ನನ್ನ ನೆಗೆಣ್ಣಿ, ಬಾಜೂ ಮನಿ ಅಕ್ಕ, ಮತ್ತ ಈ ಹುಡುಗಿ. ಧಾರವಾಡ ಬಿಟ್ಟು ಬೆಳಗಾವಿ ಕಡೆ ಹೊಂಟ್ರ ಮುಕ್ಕಾಲು ತಾಸಿನ ದಾರಿ. ನನ್ನ ತವರು ಬೈಲಹೊಂಗಲ. ಹಿಂಗಾಗಿ ಆ ಹಾದ್ಯಾಗ ಎಷ್ಟು ಸಲ ಹೋಗೇನಿ, ಬಂದೇನಿ ಅನ್ನೂದಕ್ಕ ಲೆಕ್ಕಿಲ್ಲ. ಕಿತ್ತೂರು ಬಂತು ಅಂದ್ರ ಬಸ್ಸಿನ ಕಿಡಕ್ಯಾಗಿಂದನ ಕೈ ಮುಗಿಯೂದು, ಮುಂದ ಹೋಗೂದು. ಒಳಗ ಹೋಗಿ ಸಾವಕಾಶ ನೋಡಿದ್ದು ಸಾಲ್ಯಾಗಿದ್ದಾಗ ಒಮ್ಮೆ, ಈಗ ಒಮ್ಮೆ, ಅಷ್ಟ.

ಕ್ವಾಟಿ ಒಳಗ ವಾಡೇದ ಗ್ವಾಡಿಗೋಳ ನಡುವ ಅಡ್ಡಾಡಕೋತ ಹೊಂಟಿದ್ವಿ. ಅಡಗಿಮನಿ ಇದ್ದ ಜಾಗಾಕ್ಕ ಬಂದ್ವಿ. ಮೊಮ್ಮಗಳು ಫಲಕ ಓದಿ, ಗಕ್ಕನ ನಿಂತು ಕೇಳಿದ್ಲು: "ಆಯಿ, ಚೆನ್ನಮ್ಮ ಅಡಗಿ ಮಾಡತಿದ್ಲೇನು?"

ನಾವೆಲ್ಲಾರೂ ನಕ್ಕಬಿಟ್ವಿ. ಚೆನ್ನಮ್ಮ ಅಂದ್ರ ಕುದರಿ, ಕತ್ತಿ, ಥ್ಯಾಕರೆ. ನಮ್ಮ ಕಾಲದ ಮಂದಿಗೆ ಅಕಿ ಅಂದ್ರ ಬಿ. ಸರೋಜಾದೇವಿಯವರ ಮುಖಾನೂ ಹೌದು, 1961ರ ಸಿನಿಮಾ ನೋಡಿದವರಿಗೆ ಗೊತ್ತು. ಅಕಿ ಅಡಗಿಮನ್ಯಾಗ ಏನ ಮಾಡತಿದ್ಲು ಅಂತ ನಾವ್ಯಾರೂ ಯಾವತ್ತೂ ಕೇಳೇ ಇಲ್ಲ. ನಕ್ಕ ಮ್ಯಾಲ ಉತ್ತರ ಹೇಳಬೇಕಲ್ಲ? ನನ್ನ ಕಡೆ ಉತ್ತರ ಇರಲಿಲ್ಲ. ಮನಿಗೆ ಬಂದು ಹದಿನೈದು ದಿವಸ ಆತು, ಆ ಮಾತು ತಲಿಯೊಳಗ ತಿರಗಾಕತ್ತೈತಿ. ಅದಕ್ಕ ಇವತ್ತ ಬರಿಯಾಕ ಕುಂತೇನಿ.

ನೀವು ಕಿತ್ತೂರ ವಾಡೆ ನೋಡಿದ್ರ ಗೊತ್ತಿರತೈತಿ. ನೋಡಿಲ್ಲದವರಿಗೆ ಹೇಳತೇನಿ. ಸುತ್ತಲೂ ಕ್ವಾಟಿ, ಕಂದಕ. ನಡುವ ಅರಮನಿ. ನಮ್ಮ ಕಡೆ ಅದಕ್ಕ ವಾಡೆ ಅನ್ನೂದ ರೂಢಿ. ಅರಮನಿ ಅಂತ ಹೋದ್ರ ಕಣ್ಣಿಗೆ ಕಾಣೂದು ಬರೇ ದಪ್ಪ ದಪ್ಪ ಗ್ವಾಡಿ. ಕಲ್ಲು, ಇಟ್ಟಂಗಿ, ಗಚ್ಚು. ಮ್ಯಾಲ ಛಾವಣಿ ಇಲ್ಲ, ತೊಲಿ ಇಲ್ಲ, ಕಂಬ ಇಲ್ಲ. ಮ್ಯಾಲ ನೋಡಿದ್ರ ಬರೇ ಆಕಾಶ. ಮೊದಲ ಸಲ ಬಂದವರು "ಇಷ್ಟ ಏನು?" ಅಂತಾರ. ನನ್ನ ನೆಗೆಣ್ಣೀನೂ ಹಂಗ ಅಂದ್ಲು.

ಆದ್ರ ಸ್ವಲ್ಪ ನಿಂತು ನೋಡ್ರಿ. ಸಿಂಹಾಸನ ಉಳದಿಲ್ಲ, ದರ್ಬಾರಿನ ಥಾಟು ಉಳದಿಲ್ಲ. ಉಳದದ್ದೇನು? ಅಡಗಿಮನಿ. ಪಂಕ್ತಿ ಕುಂತು ಉಣ್ಣೋ ಪಡಸಾಲಿ. ಬಚ್ಚಲಮನಿ, ಅದರಾಗ ಗಚ್ಚಿನ್ಯಾಗ ಕಟ್ಟಿದ ಸ್ನಾನದ ತೊಟ್ಟಿ. ನೀರು ಹರದು ಬರೂವ ಕೊಳವಿ, ಹೊಲಸು ನೀರು ಹೊರಗ ಹೋಗೂವ ಗಟಾರು. ಬಾವಿ. ಬಂದ ಬೀಗರು ಇಳಕೊಳ್ಳೋ ಖೋಲಿ. ಅಂದ್ರ ನಾವು ದಿನಾ ಯಾವ ಯಾವ ಜಾಗಾದಾಗ ದುಡೀತೀವಲ್ಲ, ಅದ ಉಳದೈತಿ. ಇದು ನನಗ ಆಶ್ಚರ್ಯ ಅನಸ್ತು. ಎರಡು ನೂರು ವರ್ಷದ ಮಳಿ, ಬಿಸಲು, ಲೂಟಿ ತಡಕೊಂಡು ನಿಂತದ್ದು ಹೆಣ್ಣಮಕ್ಕಳು ತಿರಗ್ಯಾಡಿದ ಜಾಗಾ.

ಬಾಜೂ ಮನಿ ಅಕ್ಕ ಬಚ್ಚಲದ ತೊಟ್ಟಿ ಮುಂದ ಕುಂತು ಕೈಯಿಂದ ಉತಾರ ನೋಡಿದ್ರು. "ನಮ್ಮ ಹೊಸಾ ಮನ್ಯಾಗ ಗೌಂಡಿ ಬಚ್ಚಲದ ಉತಾರ ಸರಿ ಮಾಡಲಿಲ್ಲ, ದಿನಾ ಕಸಬರಿಗಿ ತಗೊಂಡು ನೀರು ದಬ್ಬತೇನಿ. ಇಲ್ಲಿ ನೋಡ್ರಿ ಹೆಂಗ ಮಾಡ್ಯಾರ" ಅಂದ್ರು. ಎಂಜಿನಿಯರ್ ಬರೂದು ಬ್ಯಾಡ, ಇದನ್ನ ನಾವ ಹೇಳಬಹುದು. ಆ ವಾಡೆ ಕಟ್ಟಿಸಿದವರಿಗೆ ಬಚ್ಚಲ ಅಂದ್ರೇನು ಅನ್ನೂದು ಗೊತ್ತಿತ್ತು.

ಇನ್ನೊಂದು ಜಾಗಾ, ಎಲ್ಲಾರೂ ಫೋಟೋ ತಗಸೋವಂಥಾದ್ದು. ಗ್ವಾಡ್ಯಾಗ ಒಂದು ಗುಂಡನ್ನ ಕಿಂಡಿ. ಅದರಾಗ ಕಣ್ಣಿಟ್ಟು ನೋಡಿದ್ರ ರಾತ್ರಿ ಧ್ರುವ ನಕ್ಷತ್ರ ಕಾಣತೈತಿ ಅಂತ ಹೇಳತಾರ. ನಾವು ಹೋದದ್ದು ಹಗಲಿನ್ಯಾಗ, ನಕ್ಷತ್ರ ಎಲ್ಲಿಂದ ಬರಬೇಕು! ಆದ್ರ ಮೊಮ್ಮಗಳು ಸಾಲ್ಯಾಗ ಕಲತದ್ದು ಹೇಳಿದ್ಲು. ಧ್ರುವ ನಕ್ಷತ್ರ ಉತ್ತರಕ್ಕ ಹೆಚ್ಚು ಕಡಿಮಿ ಒಂದ ಕಡೆ ನಿಂತಿರತೈತಿ. ನಾವು ಭೂಮಿ ಮ್ಯಾಲ ಎಷ್ಟು ಡಿಗ್ರಿ ಅಕ್ಷಾಂಶದಾಗ ಇರತೀವೋ ಅಷ್ಟ ಡಿಗ್ರಿ ಎತ್ತರದಾಗ ಅದು ಕಾಣತೈತಿ. ಕಿತ್ತೂರು ಸುಮಾರು ಹದಿನೈದೂವರಿ ಡಿಗ್ರಿ. ಅಂದ್ರ ನಕ್ಷತ್ರ ಭಾಳ ಮ್ಯಾಲಿಲ್ಲ, ನೆಲದ ಅಂಚಿನಿಂದ ಸ್ವಲ್ಪ ಮ್ಯಾಲ. ಅದಕ್ಕ ತಕ್ಕಂಗ ಲೆಕ್ಕ ಹಾಕಿ ಗ್ವಾಡಿ ಕಟ್ಟೂವಾಗನ ಕಿಂಡಿ ಇಡಬೇಕು. ಮದುವ್ಯಾಗ ಮದುಮಕ್ಕಳಿಗೆ ಅರುಂಧತಿ ತೋರಸಾಕ ನಾವು ಬೀದಿ ದೀಪದ ಬೆಳಕಿನ್ಯಾಗ ಆಕಾಶದ ಕಡೆ ಎಲ್ಲೋ ಒಂದು ಕಡೆ ಬೆರಳು ಮಾಡತೀವಿ. ಅವರು ಗ್ವಾಡ್ಯಾಗ ಕಿಂಡಿ ಇಟ್ಟಿದ್ರು.

ಈ ಮನಿ ಯಾರದು, ಹೆಂಗ ಬೆಳೀತು ಅನ್ನೂದನ್ನೂ ಸ್ವಲ್ಪ ಹೇಳಬೇಕು. ಚೆನ್ನಮ್ಮನ ಹೆಸರು ಎಲ್ಲಾರಿಗೂ ಗೊತ್ತು, ಅಕಿ ನಡದ ಮನಿ ಕತಿ ಭಾಳ ಮಂದಿಗೆ ಗೊತ್ತಿಲ್ಲ. 1585ರಾಗ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಅಂತ ಇಬ್ಬರು ಅಣ್ಣತಮ್ಮರು ಮಲೆನಾಡಿನ ಸಾಗರದ ಕಡೆಯಿಂದ ಬಿಜಾಪುರದ ಆದಿಲಶಾಹಿ ದಂಡಿನ ಜೋಡಿ ಬಂದ್ರು. ಶೂರರು ಅಂತ ಹುಬ್ಬಳ್ಳಿ ಪರಗಣಾದ ಸರದೇಶಮುಖಿ ಸಿಕ್ತು. ಮೊದಲ ಇದ್ದದ್ದು ಸಂಪಗಾಂವದಾಗ. ನಮ್ಮ ಬೈಲಹೊಂಗಲದ ಹತ್ತಿರದ ಸಂಪಗಾಂವನ ಅದು. ಮುಂದ 1660ರಿಂದ 1691ರತನಕ ಆಳಿದ ಅಲ್ಲಪ್ಪಗೌಡ ದೇಸಾಯರು ಕಿತ್ತೂರಿಗೆ ಬಂದು ಕ್ವಾಟಿ ಕಟ್ಟಿಸಿದ್ರು. ದೇಸಾಯಿ ಅಂದ್ರ ಏನು? ಹಳ್ಳಿ ಹಳ್ಳಿಯ ಹುಟ್ಟುವಳಿ ವಸೂಲಿ ಮಾಡಿ, ಮ್ಯಾಲಿನ ದೊರಿಗೆ ಮುಟ್ಟಿಸಿ, ತನ್ನ ಪಾಲು ಇಟ್ಟುಕೊಂಡು, ಊರು ಕಾಯೋ ಮನಿತನ. ಬಿಜಾಪುರ ಹೋದ ಮ್ಯಾಲ ಮ್ಯಾಲಿನ ದೊರಿಗೋಳು ಬದಲಾದ್ರು. ಮರಾಠರು ಬಂದ್ರು, ಟಿಪ್ಪು ಬಂದ, ಪೇಶ್ವೆ ಬಂದ್ರು, ಕಡೀಕೆ ಇಂಗ್ರೇಜರು. ವಾಡೆ ಮಾತ್ರ ಇದ್ದಲ್ಲೇ ಇತ್ತು.

ಚೆನ್ನಮ್ಮನ ಗಂಡ ಮಲ್ಲಸರ್ಜ ದೇಸಾಯರ ಕಾಲಕ್ಕ ಕಿತ್ತೂರು ಭಾಳ ಬೆಳೀತು. ಈ ನಾಡಿನ ಗುಣಾನ ಹಂಗೈತಿ. ಪಡುವಣಕ್ಕ ಮಳಿ ನಾಡು, ಭತ್ತ. ಮೂಡಣಕ್ಕ ಎರಿ ಹೊಲ, ಜೋಳ, ಹತ್ತಿ. ಎರಡರ ನಡುವ ಕಿತ್ತೂರು. ಪೇಶ್ವೆಗೆ ವರ್ಷಕ್ಕ 1,75,000 ರೂಪಾಯಿ ಕಾಣಿಕಿ ಕೊಡೋವಷ್ಟು ಗಟ್ಟಿ ಸಂಸ್ಥಾನ. ಆದ್ರ ಮಲ್ಲಸರ್ಜರ ಬಾಳು ಸುಖದ್ದಲ್ಲ. ಒಮ್ಮೆ ಟಿಪ್ಪುವಿನ ಸೆರ್ಯಾಗ ಕಬ್ಬಾಳದುರ್ಗದಾಗ ಇದ್ದು ತಪ್ಪಿಸಿಕೊಂಡು ಬಂದ್ರು. ಮುಂದ ಪೇಶ್ವೆ ಬಾಜೀರಾಯ ಪುಣೆದಾಗ ಸೆರಿ ಇಟ್ಟ. ಅಲ್ಲೇ ಮೈ ಕೆಟ್ಟು 1816ರಾಗ ತೀರಿಕೊಂಡ್ರು.

ಈಗ ಹೆಣ್ಣಮಕ್ಕಳ ಕಡೆಯಿಂದ ನೋಡ್ರಿ. ಗಂಡ ಆರು ತಿಂಗಳು ದಂಡಿನ್ಯಾಗ, ಮತ್ತೊಮ್ಮೆ ಸೆರ್ಯಾಗ. ಹಂತಾ ಹೊತ್ತಿನ್ಯಾಗ ವಾಡೆ ಯಾರು ನಡಸಿದ್ರು? ಕಾರಭಾರಿಗಳು ಇದ್ರು, ಖರೆ. ಆದ್ರ ಇಂದು ಎಷ್ಟು ಪಡಿ ಅಕ್ಕಿ ಹಾಕಬೇಕು, ಹಗೇದ ಜೋಳ ಯಾವಾಗ ತಗೀಬೇಕು, ಬಂದ ಜಂಗಮರಿಗೆ ಏನು, ಬಾಣಂತಿಗೆ ಏನು, ಹೊರಗ ಕುಂತ ಆಳಿಗೆ ಉಂಡ್ರೋ ಇಲ್ಲೋ ಅನ್ನೂದು ಕಾರಭಾರಿ ಕೆಲಸಲ್ಲ. ಆ ಪಂಕ್ತಿ ಪಡಸಾಲಿ ಅಳತಿ ನೋಡಿದ್ರ ಗೊತ್ತಾಗತೈತಿ, ಅಲ್ಲಿ ದಿನಾ ಹತ್ತು ಮಂದಿ ಉಂಡಿದ್ದಲ್ಲ. ನಮ್ಮ ಮನ್ಯಾಗ ಮದುವಿ ಮುಂದ ಐವತ್ತು ಮಂದಿ ಬಂದ್ರ ನಮಗ ಬೆವರು ಇಳೀತೈತಿ. ಅಲ್ಲಿ ಬೀಸೋ ಹೆಣ್ಣಮಕ್ಕಳು ಯಾವಾಗ ಏಳತಿದ್ರೋ, ನೀರು ಸೇದಾವರ ಕೈ ಎಷ್ಟು ಬೊಬ್ಬಿ ಬರತಿದ್ವೋ. ಅವರ ಹೆಸರು ಯಾವ ಕಾಗದದಾಗೂ ಇಲ್ಲ. ಅವರ ನೆನಪು ಅಂತ ಉಳದದ್ದು ಆ ಅಡಗಿಮನಿ ಗ್ವಾಡಿ, ಆ ಬಾವಿ ಕಟ್ಟಿ ಅಷ್ಟ.

ಮೊಮ್ಮಗಳಿಗೆ ಹೇಳಬೇಕಾದ ಉತ್ತರ ಇಲ್ಲಿ ಐತಿ. ಚೆನ್ನಮ್ಮ ತಾನ ಒಲಿ ಮುಂದ ಕುಂತಿದ್ಲೋ ಇಲ್ಲೋ, ಆದ್ರ ಅಡಗಿಮನಿ ನಡಸಿದಾಕಿ ಹೌದು. ಕಾಕತಿ ದೇಸಾಯರ ಮಗಳಾಗಿ 1778ರಾಗ ಹುಟ್ಟಿದಾಕಿ. ವಾಡೇಕ್ಕ ಬಂದಾಗ ಹಿರೇ ಹೆಂಡತಿ ರುದ್ರಮ್ಮ ಅದಾರ. ಸವತಿ ಇದ್ದ ಮನಿ ಸಂಭಾಳಸೂದು ಕತ್ತಿ ಹಿಡಿಯೋದಕ್ಕಿಂತ ಹಗರ ಅಂತ ಯಾರಾದ್ರೂ ಹೇಳತೀರೇನು? ತನ್ನ ಹೊಟ್ಯಾಗ ಹುಟ್ಟಿದ ಮಗ ತೀರಿಕೊಂಡ. ಗಂಡ ಹೋದ. ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಪಟ್ಟಕ್ಕ ಬಂದ. ಮೈಯಾಗ ಆರಾಮಿಲ್ಲದ ಹುಡುಗ. ಅವನ ಹೆಂಡತಿ ವೀರಮ್ಮ. 1824ರ ಸೆಪ್ಟೆಂಬರ್ 11ಕ್ಕ ಅಂವನೂ ತೀರಿಕೊಂಡ, ಮಕ್ಕಳಿಲ್ಲದ. ಸಾಯೋಕಿಂತ ಮೊದಲ ಶಿವಲಿಂಗಪ್ಪ ಅನ್ನೋ ಹುಡುಗನ್ನ ದತ್ತಕ ತಗೊಂಡಿದ್ದ.

ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತಕ ಒಪ್ಪಲಿಲ್ಲ. ಕಿತ್ತೂರಿಗೆ ಬಂದು ಬೊಕ್ಕಸಕ್ಕ ಮುದ್ರಿ ಒತ್ತಿಸಿದ, ಪಹರೆ ಹಾಕಿದ. ಚೆನ್ನಮ್ಮ ಮುಂಬೈ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಪತ್ರ ಬರದ್ಲು. ಉಪಯೋಗ ಆಗಲಿಲ್ಲ. ಅಕ್ಟೋಬರ್ 23ಕ್ಕ ಲಡಾಯಿ ಆತು, ಥ್ಯಾಕರೆ ಸತ್ತ. ಇದು ಎಲ್ಲಾರಿಗೂ ಗೊತ್ತಿದ್ದ ಕತಿ. ನಾನು ಹೇಳೂದು ಇಷ್ಟ. ಸೆಪ್ಟೆಂಬರ್ 11ರಿಂದ ಅಕ್ಟೋಬರ್ 23ಕ್ಕ ಎಷ್ಟು ದಿವಸ? ನಲವತ್ತೆರಡು. ಮನ್ಯಾಗ ಮಗ ಸತ್ತು ನಲವತ್ತೆರಡು ದಿವಸ. ಸೊಸಿ ಹಣಿ ಮ್ಯಾಲಿನ ಕುಂಕುಮ ಹೋಗಿ ನಲವತ್ತೆರಡು ದಿವಸ. ಅಂಥಾ ಮನ್ಯಾಗ ಪರದೇಶದ ಗಂಡಸೊಬ್ಬ ಬಂದು ತಿಜೋರಿಗೆ ತನ್ನ ಕೀಲಿ ಹಾಕತಾನ. ಸೆರಗಿಗೆ ಕೀಲಿ ಗೊಂಚಲ ಕಟಗೊಂಡು ಮನಿ ನಡಸಿದ ಯಾವ ಹೆಣ್ಣಿಗಾದ್ರೂ ಆ ಸಿಟ್ಟು ಎಂಥಾದ್ದು ಅನ್ನೂದು ತಿಳೀತೈತಿ. ರಾಜಕೀಯ ಓದಬೇಕಾಗಿಲ್ಲ.

ಮತ್ತೊಂದು ಮಾತು. ಸರ್ಕಲ್‌ದಾಗಿನ ಮೂರ್ತಿ ನೋಡಿ ನಾವೆಲ್ಲಾ ಅಕಿ ಹರೇದ ಹುಡುಗಿ ಅಂತ ತಿಳಕೊಂಡೀವಿ. ಅಕಿಗೆ ಆಗ ನಲವತ್ತಾರು. ನನಗಿಂತ ಹತ್ತು ವರ್ಷ ಸಣ್ಣಾಕಿ, ಅಷ್ಟ. ಗಂಡನ್ನ, ಮಗನ್ನ, ಮಲಮಗನ್ನ ಕಳಕೊಂಡ ಅತ್ತಿ. ಹುಬ್ಬಳ್ಳಿ ಚೆನ್ನಮ್ಮ ಸರ್ಕಲ್ ಹಾಯೂವಾಗ ಇನ್ನ ಮ್ಯಾಲ ನನಗ ಅಕಿ ಕತ್ತಿಗಿಂತ ಮೊದಲ ಅಕಿ ವಯಸ್ಸು ನೆನಪಾಗತೈತಿ.

ಆ ಲಡಾಯಾಗ ಇಬ್ಬರು ಇಂಗ್ರೇಜ ಅಧಿಕಾರಿಗಳು ಸೆರಿ ಸಿಕ್ಕಿದ್ರು, ಸ್ಟೀವನ್‌ಸನ್ ಮತ್ತ ಎಲಿಯಟ್. ವಾರಗಟ್ಟಲೆ ಕಿತ್ತೂರಾಗ ಇದ್ರು. ಜೀವಕ್ಕ ಅಪಾಯ ಆಗಲಿಲ್ಲ. ಅವರನ್ನ ಹಿಡದ ಮಂದಿ ಅವರಿಗೆ ಉಣ್ಣಾಕೂ ಕೊಟ್ರು. ಈ ವಾಲ್ಟರ್ ಎಲಿಯಟ್ ಆಗ ಇಪ್ಪತ್ತೊಂದು ವರ್ಷದ ಹುಡುಗ. ಮುಂದ ಅಂವನ ನಮ್ಮ ನಾಡಿನ ನೂರಾರು ಕನ್ನಡ ಶಾಸನ ಹುಡಿಕ್ಯಾಡಿ ನಕಲು ಮಾಡಿಸಿದ. ಚಾಲುಕ್ಯರ ಇತಿಹಾಸ ಬರಿಯಾವರಿಗೆ ಅವು ದೊಡ್ಡ ಆಸರಾ ಆದ್ವು. ಕಿತ್ತೂರಿನ ಅನ್ನ ಉಂಡು ಬದುಕಿದವ ಕನ್ನಡದ ಕಲ್ಲು ಓದಿಸಿದ ಅಂತ ನನಗ ಅನಸ್ತು. ಇದನ್ನ ಯಾವ ಗೈಡೂ ನಮಗ ಹೇಳಲಿಲ್ಲ.

ಡಿಸೆಂಬರ್ ಮೊದಲ ವಾರದಾಗ ದೊಡ್ಡ ದಂಡು ಬಂತು, ತೋಪಿನ ಹೊಡತಕ್ಕ ಕ್ವಾಟಿ ಬಿತ್ತು. ಚೆನ್ನಮ್ಮನ್ನ, ಮನಿ ಹೆಣ್ಣಮಕ್ಕಳನ್ನ ಬೈಲಹೊಂಗಲದ ಕ್ವಾಟ್ಯಾಗ ಇಟ್ರು. 1829ರ ಫೆಬ್ರುವರಿಯೊಳಗ ಅಲ್ಲೇ ತೀರಿಕೊಂಡ್ಲು. ಸಮಾಧಿ ನಮ್ಮ ಊರಾಗ ಐತಿ, ಸಣ್ಣಾಕಿದ್ದಾಗ ಅವ್ವನ ಸೆರಗು ಹಿಡದು ಹೂವು ಏರಿಸಿ ಬಂದೇನಿ. ರಾಯಣ್ಣ ಹೋರಾಟ ಮುಂದುವರಿಸಿ, ಸಿಕ್ಕು, 1831ರಾಗ ನಂದಗಡದಾಗ ಗಲ್ಲಿಗೆ ಹೋದ. ಸಂಸ್ಥಾನ ಕಂಪನಿ ಸರ್ಕಾರಕ್ಕ ಸೇರಿತು. ವಾಡೇದೊಳಗ ಒಲಿ ಹತ್ತೂದು ನಿಂತಿತು. ಮನಿ ಅಂಬೂದು ಹಂಗನ. ಒಲಿ ನಿಂತ ದಿವಸದಿಂದ ಬೀಳಾಕ ಶುರು ಆಗತೈತಿ. ಅಟ್ಟ ಹೋತು, ತೊಲಿ ಹೋತು, ಕದ ಹೋತು. ಒಂದಿಷ್ಟು ಕೆತ್ತನಿ ಕಟ್ಟಿಗಿ ಅಲ್ಲೇ ಕ್ವಾಟಿ ಆವಾರದಾಗಿನ ವಸ್ತುಸಂಗ್ರಹಾಲಯದಾಗ ಐತಿ, ಕತ್ತಿ, ಗುರಾಣಿ ಜೋಡಿ. ತಪ್ಪದ ನೋಡ್ರಿ.

ಇನ್ನ ನನ್ನ ಅಭಿಪ್ರಾಯ ಹೇಳತೇನಿ. ಒಪ್ಪದವರು ಜಗಳಾ ಮಾಡ್ರಿ, ಬ್ಯಾಡ ಅನ್ನಂಗಿಲ್ಲ.

ವರ್ಷಾ ಅಕ್ಟೋಬರ್ 23ರಿಂದ 25ರತನಕ ಕಿತ್ತೂರ ಉತ್ಸವ ಆಗತೈತಿ. ಆಗಲಿ, ಛಲೋನ ಐತಿ. ಕೆಲವು ವರ್ಷದ ಹಿಂದ, ಮೊದಲಿನ ಅರಮನಿ ಇದ್ದಂಗ ಹೊಸಾದೊಂದು ಕಟ್ಟಿ ನಿಲ್ಲಸತೀವಿ ಅಂತ ಸರ್ಕಾರ ಹೇಳಿತು. ಎಲ್ಲಿ ಕಟ್ಟಬೇಕು ಅನ್ನೂದಕ್ಕ ಜಗಳ ಹತ್ತಿ, ನಮ್ಮೂರಾಗನ ಆಗಬೇಕು ಅಂತ ಕಿತ್ತೂರ ಮಂದಿ ಹಟ ಹಿಡದ್ರು. ಊರಾಗ ಆದ್ರ ಊರಿನ ಹುಡುಗರಿಗೆ ಕೆಲಸ, ಅಂಗಡಿಗೋಳಿಗೆ ವ್ಯಾಪಾರ. ಅವರ ಮಾತಿನ್ಯಾಗ ತಪ್ಪಿಲ್ಲ. ಬಾಜೂ ಮನಿ ಅಕ್ಕಾನೂ ಅಂದ್ರು, "ಮಕ್ಕಳಿಗೆ ಪೂರಾ ಅರಮನಿ ಕಂಡ್ರ ತಿಳೀತೈತಿ, ಈ ಮುರಕ ಗ್ವಾಡಿ ನೋಡಿ ಏನ ತಿಳೀಬೇಕು?" ಅದೂ ಒಂದು ಮಾತ.

ನಾನು ಹೇಳೂದು ಏನಂದ್ರ, ಮೊದಲನೇ ರೂಪಾಯಿ ಹಳೇ ಗ್ವಾಡಿಗೆ ಹೋಗಲಿ. ಹೊಸಾ ಅರಮನಿ ಹತ್ತು ವರ್ಷ ಬಿಟ್ಟು ಕಟ್ಟಬಹುದು, ಇಪ್ಪತ್ತು ವರ್ಷ ಬಿಟ್ಟೂ ಕಟ್ಟಬಹುದು. ಈ ಬಚ್ಚಲ, ಈ ಗಟಾರು, ಈ ಅಡಗಿಮನಿ ಒಮ್ಮೆ ಕುಸದ್ರ ಯಾವ ಸರ್ಕಾರ ಬಂದ್ರೂ ತಿರಗಿ ತರಾಕಾಗಂಗಿಲ್ಲ. ಹಳೇ ಗ್ವಾಡಿ ಕೆಡೂದು ಹೆಂಗ ಅಂತ ನಮಗ ಗೊತ್ತೈತಿ. ಸಂದ್ಯಾಗ ಒಂದು ಅರಳಿ ಸಸಿ ಹುಟ್ಟತೈತಿ. ಈ ವರ್ಷ ಬೆರಳಿನಷ್ಟು ಬೇರು, ಐದು ವರ್ಷಕ್ಕ ತೋಳಿನಷ್ಟು. ಗ್ವಾಡಿ ನೆತ್ತಿ ಮ್ಯಾಲ ಮಳಿ ನೀರು ನಿಂತು ಒಳಗ ಇಳೀತೈತಿ. ಆಮ್ಯಾಲ ಯಾರೋ ಬಂದು ರಿಪೇರಿ ಅಂತ ಸಿಮೆಂಟ್ ಬಳೀತಾರ. ಗಚ್ಚಿನ ಗ್ವಾಡಿ ಹೀರಿದ ನೀರನ್ನ ತಿರಗಿ ಗಾಳಿಗೆ ಬಿಡತೈತಿ. ಮ್ಯಾಲ ಸಿಮೆಂಟ್ ಬಡದ್ರ ನೀರು ಒಳಗ ಸಿಕ್ಕು ಇಟ್ಟಂಗಿ ಕೊಳೀತೈತಿ. ನಮ್ಮ ಹಳ್ಳಿ ಮನ್ಯಾಗ ಹಂಗ ಮಾಡಿ ಎರಡು ಮಳಿಗಾಲದಾಗ ಸಿಮೆಂಟ್ ಜೋಡಿ ಗ್ವಾಡಿ ಮಾರಿನೂ ಕಿತಗೊಂಡು ಬಂತು. ಸುಣ್ಣದ ಗಚ್ಚಿಗೆ ಸುಣ್ಣದ ಗಚ್ಚ ಬೇಕು. ಸಸಿ ಕೀಳಾಕ, ನೆತ್ತಿ ಮುಚ್ಚಾಕ, ಗಟಾರು ತೆರವು ಮಾಡಾಕ ಕೋಟಿ ಬೇಕಾಗಂಗಿಲ್ಲ. ವರ್ಷಪೂರ್ತಿ ನಾಕು ಮಂದಿ ಬೇಕು. ಮನಿ ಅನ್ನೂದನ್ನ ಹಬ್ಬಕ್ಕೊಮ್ಮೆ ಸಾರಿಸಿದ್ರ ಸಾಲಂಗಿಲ್ಲ, ದಿನಾ ಕಸಾ ಹೊಡೀಬೇಕು.

ಎರಡನೇ ಮಾತು, ಅಲ್ಲಿ ಫಲಕ ಹಾಕಾವರಿಗೆ. "ಅಡುಗೆ ಮನೆ" ಅಂತ ಬರದ್ರ ಆಗಲಿಲ್ಲ. ನೀರು ಎಲ್ಲಿಂದ ಬರತಿತ್ತು, ಹೊಗಿ ಎಲ್ಲಿಂದ ಹೋಗತಿತ್ತು, ಕಾಳು ಎಲ್ಲಿ ಇಡತಿದ್ರು, ಬಚ್ಚಲದ ನೀರು ಯಾವ ಕಡೆ ಹರೀತಿತ್ತು ಅನ್ನೂದನ್ನ ತಿಳದವರಿಂದ ಬರಸ್ರಿ. ಸಾಲಿ ಹುಡುಗರು ಬಂದಾಗ ಲಡಾಯಿ ಕತಿ ಜೋಡಿ ಇದನ್ನೂ ಹೇಳ್ರಿ. ಹೆಣ್ಣಮಕ್ಕಳ ಕತಿ ಅಂದ್ರ ಒಂದು ದಿವಸದ ಲಡಾಯಿ ಅಷ್ಟ ಅಲ್ಲ. ಅದಕ್ಕ ಹಿಂದ ಸಾವಿರಾರು ದಿವಸದ ದುಡಿತ ಇರತೈತಿ. ಮತ್ತ ಗ್ವಾಡಿ ಮ್ಯಾಲ ಮಳಿ ಹೊಡದು ಬದಾಮ ಗುರುತು ಹಾಕಿ ಹೆಸರು ಕೆತ್ತೋ ಹುಡುಗರಿಗೆ, ಅವರ ಅವ್ವಂದಿರಾದ ನಾವ ಬುದ್ಧಿ ಹೇಳಬೇಕು. ನಮ್ಮ ಕಣ್ಣ ಮುಂದನ ಒಬ್ಬ ಕೀಲಿಯಿಂದ ಕೆರೀತಿದ್ದ. ನನ್ನ ನೆಗೆಣ್ಣಿ ಹೋಗಿ, "ನಿಮ್ಮ ಮನಿ ಗ್ವಾಡಿ ಮ್ಯಾಲ ಬರಕೋ ಹೋಗಪಾ" ಅಂತ ಗದರಿಸಿದ್ಲು. ಅಂವ ನಾಚಿಕೊಂಡು ಹೋದ.

ಆದ್ರ ಬರೂವಾಗ ಬಸ್ಸಿನ್ಯಾಗ ನನಗೂ ಅಕಿಗೂ ಮಾತು ನಿಂತುಬಿಟ್ವು. ಕಾರಣ ನಿಮ್ಮೊಳಗ ಭಾಳ ಮಂದಿಗೆ ಗೊತ್ತೈತಿ, ನಮ್ಮ ಮನಿತನದವರ ಓದತೀರಿ.

ನಮ್ಮ ಹಳ್ಳಿ ಮನಿ ವಾಡೆ ಏನಲ್ಲ. ಹನ್ನೆರಡು ಅಂಕಣದ ಒಕ್ಕಲುತನದ ಮನಿ. ಆರು ವರ್ಷದ ಹಿಂದ ಪಾಲು ಆದಾಗ ಪಡಸಾಲಿ ಬಿಚ್ಚಿ ಸಾಗವಾನಿ ಕಂಬ, ತಲಬಾಗಿಲ ಚೌಕಟ್ಟು ಎಲ್ಲಾ ಹಳೇ ಸಾಮಾನಿನ ವ್ಯಾಪಾರಿಗೆ ಕೊಟ್ರು. ಟೆಂಪೋ ಬಂತು. ಅದರಾಗ ನಡುಮನಿ ಕಂಬ ಒಂದಿತ್ತು, ನಮ್ಮ ಅತ್ತಿ ಅದಕ್ಕ ಹಗ್ಗ ಕಟ್ಟಿ ಮಜ್ಜಿಗಿ ಕಡೀತಿದ್ರು. ಅವರ ಅತ್ತಿನೂ ಅದಕ್ಕ. ಹಗ್ಗ ತಿಕ್ಕಿ ತಿಕ್ಕಿ ಕಂಬದ ನಡಕ್ಕ ಒಂದು ಬೆರಳು ಆಳ ಗಾಲಿ ಬಿದ್ದಿತ್ತು. ನಾನು ಏನೂ ಅನ್ನಲಿಲ್ಲ. ಟೆಂಪೋದವರಿಗೆ ಚಹಾ ಮಾಡಿಕೊಟ್ಟೆ. ಇಂಗ್ರೇಜರು ಕಿತ್ತೂರು ಲೂಟಿ ಮಾಡಿದ್ರು ಅಂತ ಭಾಷಣದಾಗ ಕೇಳಿ ಸಿಟ್ಟಿಗೇಳತೀವಿ. ನಮ್ಮ ಕಂಬಕ್ಕ ಯಾರ ಮ್ಯಾಲ ಸಿಟ್ಟಾಗಬೇಕು? ತೋಪಿರಲಿಲ್ಲ, ದಂಡಿರಲಿಲ್ಲ. ಚಹಾ ಕುಡದು ಹೋದ್ರು.

ಈಗ ಉಳದ ಅಡಗಿಮನಿ ಭಾಗಾನೂ ಸುಗ್ಗಿ ಆದ ಮ್ಯಾಲ ಜೆಸಿಬಿ ತಂದು ಕೆಡವತೀವಿ ಅಂತ ಮಾತು ನಡದೈತಿ. ಅಲ್ಲಿ ಯಾರೂ ಇರೂದಿಲ್ಲ, ಮಳಿ ಸೋರತೈತಿ, ಹುಡುಗರಿಗೆ ಮನಿ ಬೇಕು. ಅವರ ತಾಪತ್ರಯ ನನಗ ತಿಳೀತೈತಿ. ಆ ಅಡಗಿಮನಿ ಸ್ವರ್ಗ ಆಗಿತ್ತು ಅಂತಾನೂ ನಾ ಹೇಳಂಗಿಲ್ಲ. ಹೊಗಿಗೆ ನಮ್ಮ ಅತ್ತಿ ಕಣ್ಣು ಹೋದ್ವು. ಗ್ಯಾಸ್ ಬಿಟ್ಟು ಆ ಒಲಿ ಮುಂದ ತಿರಗಿ ಕುಂಡ್ರು ಅಂದ್ರ ನಾ ಕುಂಡ್ರಂಗಿಲ್ಲ. ಆದ್ರ ಕೆಡವೂ ಮೊದಲ ಒಂದು ಮಾತು ಹೆಣ್ಣಮಕ್ಕಳನ್ನ ಕೇಳ್ರಿ ಅಂತೇನಿ. 2005ರ ಕಾಯ್ದೆ ಪ್ರಕಾರ ಪಿತ್ರಾರ್ಜಿತದಾಗ ಮಗಳಿಗೂ ಮಗನಷ್ಟ ಪಾಲು ಐತಿ. ಅದಕ್ಕ ಈಗ ಕಾಗದದ ಮ್ಯಾಲ ನಮ್ಮ ನಾದನಿಯರ ಸಹಿ ಕೇಳಾಕ ಬರತಾರ. ಚೆನ್ನಮ್ಮಗ ಬೊಕ್ಕಸದ ಕೀಲಿ ಉಳಿಸಿಕೊಳ್ಳಾಕ ಲಡಾಯಿ ಮಾಡಬೇಕಾತು. ನಮ್ಮ ಕೈಗೆ ಪೆನ್ನು ತಂದು ಕೊಡತಾರ. ನಾವು ಎಲ್ಲಿ ಅಂತ ಕೇಳಿ, ಓದದ, ಸಹಿ ಮಾಡತೀವಿ.

ಪೂರಾ ಉಳಸಾಕಾಗದಿದ್ರ ಇಷ್ಟಾದ್ರೂ ಮಾಡೋಣು. ಕೆಡವೂಕ ಮೊದಲ ಟೇಪು ಹಿಡದು ಅಳತಿ ತಗೊಂಡು ನಕಾಶಿ ಬರದಿಡೋಣು. ಒಲಿ, ಮಾಡ, ನಾಗೊಂದಿಗಿ, ಬಾನಿ, ಬಚ್ಚಲ ಎಲ್ಲಾದರ ಫೋಟೋ ತಗಿಯೋಣು, ಎಲ್ಲಿ ಯಾರು ಏನ ಮಾಡತಿದ್ರು ಅಂತ ಹಿರೇರಿಂದ ಕೇಳಿ ಬರಿಯೋಣು. ಬೀಸುಕಲ್ಲು, ಒರಳು ಇವನ್ನ ಮಾರೂದು ಬ್ಯಾಡ, ಯಾರರೆ ಒಬ್ಬರು ಇಟಗೊಳ್ರಿ. ಕಿತ್ತೂರ ಅಡಗಿಮನ್ಯಾಗ ದುಡದ ಹೆಣ್ಣಮಕ್ಕಳ ಹೆಸರು ಬರದಿಡಾವರು ಯಾರೂ ಇರಲಿಲ್ಲ. ನಮ್ಮ ಅತ್ತಿ ಹೆಸರು ಬರದಿಡಾಕ ನಾವು ಅದೀವಿ.

ಮೊನ್ನೆ ನನ್ನ ನೆಗೆಣ್ಣಿ ಫೋನ್ ಹಚ್ಚಿ, "ಅಕ್ಕಾ, ಮೈದುನಗ ನಾನ ಹೇಳತೇನಿ, ಸುಗ್ಗಿ ತನಕ ತಡೀರಿ, ಹೆಣ್ಣಮಕ್ಕಳೆಲ್ಲಾ ಒಮ್ಮೆ ಬಂದು ಹೋಗಲಿ ಅಂತ" ಅಂದ್ಲು. ಎಳ್ಳ ಅಮಾಸಿಗೆ ಹೊಲಕ್ಕ ಹೆಂಗೂ ಎಲ್ಲಾರೂ ಬರತೀರಿ. ಚರಗ ಚೆಲ್ಲಿ, ಬುತ್ತಿ ಉಂಡು, ಹಳೇ ಮನಿಗೂ ಒಂದು ತಾಸು ಬರ್ರಿ. ಟೇಪು ನಾ ತರತೇನಿ. ಮೊಮ್ಮಗಳು ವಹಿ ತರತೇನಿ ಅಂದಾಳ.